ನಿಮ್ಮ ಟ್ರ್ಯಾಕ್ಟರ್ ಎಷ್ಟು ಡಿಗ್ರಿಗೆ ಪಲ್ಟಿ ಹೊಡೆಯುತ್ತದೆ? ನೀವೇ ಅಳೆಯಿರಿ

ಶೋರೂಮಿಗೆ ಹೋಗಿ ಎಷ್ಟು ಎಚ್‌ಪಿ ಅಂತ ಕೇಳಿದರೆ ತಟ್ಟನೆ ಹೇಳುತ್ತಾರೆ. ಲಿಫ್ಟ್ ಎಷ್ಟು ಕೆಜಿ ಎತ್ತುತ್ತದೆ, ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಅದಕ್ಕೂ ಉತ್ತರ ಇದೆ. ಎಷ್ಟು ವಾಲಿದರೆ ಪಲ್ಟಿ ಹೊಡೆಯುತ್ತದೆ ಅಂತ ಕೇಳಿ ನೋಡಿ. ನಾನು ಕೇಳಿದ್ದೇನೆ. ನಗು ಬಂತು, ಟೀ ಬಂತು, ಉತ್ತರ ಬರಲಿಲ್ಲ.

ಅವರನ್ನು ದೂರಿ ಪ್ರಯೋಜನ ಇಲ್ಲ ಬಿಡಿ. ಆ ಸಂಖ್ಯೆ ಬರೀ ಟ್ರ್ಯಾಕ್ಟರಿನದ್ದಲ್ಲ. ಹಿಂದೆ ಔಷಧಿ ಡ್ರಮ್ ಕಟ್ಟಿದ ದಿನ ಅದು ಬೇರೆ, ಟಯರಿಗೆ ನೀರು ತುಂಬಿಸಿದ ದಿನ ಬೇರೆ, ರಿಮ್ ತಿರುಗಿಸಿ ಹಾಕಿದ ದಿನ ಇನ್ನೂ ಬೇರೆ. ಹಾಗಾಗಿ ನಿಮ್ಮ ಗಾಡಿಯ ಸಂಖ್ಯೆಯನ್ನು ನೀವೇ ತೆಗೆಯಬೇಕು.

ಈ ಪಾಠ ನಾನು ಕಲಿತದ್ದು ಕಾಲೇಜಿನಲ್ಲಿ. ಬಾಹಾ ಸ್ಪರ್ಧೆಗೆ ಅಂತ ನಾವು ಹುಡುಗರು ಸೇರಿ ಒಂದು ಆಫ್‌ರೋಡ್ ಬಗ್ಗಿ ಕಟ್ಟಿದ್ದೆವು. ಕಂಪ್ಯೂಟರಿನಲ್ಲಿ ನೋಡಿದರೆ ಗುರುತ್ವ ಕೇಂದ್ರ, ಅಂದರೆ ಗಾಡಿಯ ಇಡೀ ಭಾರ ಒಟ್ಟುಗೂಡಿದಂತಿರುವ ಬಿಂದು, ಎಷ್ಟು ಚೆನ್ನಾಗಿ ಕೆಳಗಿತ್ತು! ಹಾಸ್ಟೆಲ್ ಹಿಂದಿನ ದಿಬ್ಬದಲ್ಲಿ ಬಗ್ಗಿ ಮಗ್ಗುಲು ಮಲಗಿದ ಮೇಲೆ ಗೊತ್ತಾಯಿತು, ಮಾಡೆಲ್‌ನಲ್ಲಿ ಡ್ರೈವರನ್ನೇ ಕೂರಿಸಿರಲಿಲ್ಲ. ಹಗುರ ಗಾಡಿಯ ಮೇಲೆ 70 ಕೆಜಿ ಆಳು ಕೂತರೆ ಲೆಕ್ಕವೇ ತಲೆಕೆಳಗು. ಪುಣ್ಯಕ್ಕೆ ರೋಲ್ ಕೇಜ್ (ಪಲ್ಟಿಯಾದಾಗ ಒಳಗಿದ್ದವರನ್ನು ಕಾಯುವ ಪೈಪಿನ ಪಂಜರ) ಇತ್ತು, ಬೆಲ್ಟ್ ಇತ್ತು. ಒಳಗಿದ್ದವನು ನಗುತ್ತಲೇ ಹೊರಬಂದ. ನಮ್ಮೂರಿನ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಅವೆರಡೂ ಇಲ್ಲ.

ಕಾರುಗಳಿಗೆ ಇದರ ಸುಲಭ ಲೆಕ್ಕ ಒಂದಿದೆ. ಎಡ-ಬಲ ಚಕ್ರಗಳ ನಡುವಿನ ಅಗಲದಲ್ಲಿ ಅರ್ಧ ತೆಗೆದುಕೊಂಡು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಕಾರುಗಳಿಗೆ ಪಲ್ಟಿ ಅಂಕ ಕೊಡಲು ಇದನ್ನೇ ಬಳಸಿತು. ಸಾಮಾನ್ಯ ಕಾರಿಗೆ 1.3ರಿಂದ 1.5, ಎಸ್‌ಯುವಿ, ಪಿಕಪ್‌ಗಳಿಗೆ 1.0ರಿಂದ 1.3 ಬರುತ್ತದೆ. ಟ್ರ್ಯಾಕ್ಟರಿಗೆ ಇದೇ ಲೆಕ್ಕ ಹಾಕಿದರೆ 1ರ ಆಸುಪಾಸು ಬಂದು ನೆಮ್ಮದಿ ಎನಿಸುತ್ತದೆ. ಆ ನೆಮ್ಮದಿ ಸುಳ್ಳು. ಯಾಕೆ ಅಂತ ನಾಲ್ಕನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ: 45 ಎಚ್‌ಪಿ ವರ್ಗದ, ಹಿಂದಿನ ಚಕ್ರ ಮಾತ್ರ ಎಳೆಯುವ ಟ್ರ್ಯಾಕ್ಟರ್. ಕೆಳಗಿನ ಸಂಖ್ಯೆಗಳು ಅದರವು. ನಿಮ್ಮದಕ್ಕೆ ನಿಮ್ಮ ಸಂಖ್ಯೆ ಹಾಕಿ.

ಹೆಜ್ಜೆ 1: ಟೇಪು ಹಿಡಿಯಿರಿ

ಟಯರುಗಳಲ್ಲಿ ಗಾಳಿ ಸರಿಯಾಗಿರಲಿ, ಡೀಸೆಲ್ ಅರ್ಧ ಟ್ಯಾಂಕ್ ಇರಲಿ. ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಐದು ಅಳತೆ ತೆಗೆಯಿರಿ.

ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ಉದ್ದ, ಅಂದರೆ ವೀಲ್‌ಬೇಸ್: 1.95 ಮೀಟರ್. ಹಿಂದಿನ ಎರಡು ಟಯರುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಗಲ: 1.40 ಮೀಟರ್. ನೆಲದಿಂದ ಹಿಂದಿನ ಚಕ್ರದ ಮಧ್ಯದ ಎತ್ತರ 0.63, ಮುಂದಿನದ್ದು 0.37. ಎರಡರ ವ್ಯತ್ಯಾಸ 0.26 ಅಂತ ಬರೆದಿಡಿ, ಬೇಕಾಗುತ್ತದೆ.

ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ಮುಂದಿನ ಆಕ್ಸಲ್ ಬಾಡಿಗೆ ಗಟ್ಟಿಯಾಗಿ ಕೂತಿರುವುದಿಲ್ಲ. ನಡುವೆ ಒಂದು ಪಿನ್ ಮೇಲೆ ತೂಗುತ್ತಿರುತ್ತದೆ. ಬೇಕಾದರೆ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಗ್ರೀಸ್ ಮೆತ್ತಿಕೊಂಡ ದಪ್ಪ ಪಿನ್ ಕಾಣುತ್ತದೆ. ಅದರ ಎತ್ತರ ಅಳೆಯಿರಿ: 0.50 ಮೀಟರ್.

ಹೆಜ್ಜೆ 2: ವೇಬ್ರಿಡ್ಜ್‌ಗೆ ಹೋಗಿ

ಭತ್ತದ ಮಿಲ್, ಎಪಿಎಂಸಿ, ಜಲ್ಲಿ ಕ್ರಷರ್, ಎಲ್ಲಾದರೂ ಸರಿ. ಆದರೆ ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮ ಕಾಟಾ ಎಷ್ಟು ಕೆಜಿಯ ಲೆಕ್ಕದಲ್ಲಿ ಓದುತ್ತದೆ? ಐದೈದು ಕೆಜಿಯದ್ದು ಸಿಕ್ಕರೆ ಅಲ್ಲೇ ಮಾಡಿ. ಇಪ್ಪತ್ತು ಕೆಜಿಯದ್ದಾದರೆ ಬೇರೆ ಹುಡುಕಿ. ಕಾರಣ ಮುಂದೆ ಬರುತ್ತದೆ.

ಮಧ್ಯಾಹ್ನ ಲಾರಿ ಸಾಲು ಇಲ್ಲದ ಹೊತ್ತಿಗೆ ಹೋಗುವುದು ಒಳ್ಳೆಯದು. ನಾನು ಹೋದಾಗ ಕಾಟಾದ ಹುಡುಗ ಕಿಟಕಿಯಿಂದ ಇಣುಕಿ, "ಖಾಲಿ ಟ್ರ್ಯಾಕ್ಟರ್ ತೂಕ ಹಾಕಿ ಏನ್ ಮಾಡ್ತೀರಾ ಅಣ್ಣ, ಗುಜರಿಗಾ?" ಅಂದ. ವಿಷಯ ಹೇಳಿದ ಮೇಲೆ ದಿಮ್ಮಿ ಹೊರಲು ಅವನೇ ಬಂದ.

ಸೀಟಿನ ಮೇಲೆ ಡ್ರೈವರ್ ಬದಲು ಒಂದು 50 ಕೆಜಿ ಸಿಮೆಂಟ್ ಮೂಟೆ, ಅದರ ಮೇಲೊಂದು ಸಣ್ಣ ಮರಳಿನ ಚೀಲ ಕಟ್ಟಿ. ಎಲ್ಲ ತೂಕ ಮುಗಿಯುವವರೆಗೂ ಅದು ಅಲ್ಲಾಡಬಾರದು.

ಮೊದಲು ಪೂರ್ತಿ ಟ್ರ್ಯಾಕ್ಟರ್ ಕಾಟಾ ಮೇಲೆ: 2000 ಕೆಜಿ. ಆಮೇಲೆ ಹಿಂದಿನ ಚಕ್ರ ಮಾತ್ರ ಕಾಟಾ ಮೇಲೆ, ಮುಂದಿನದು ಹೊರಗೆ ಅದೇ ಮಟ್ಟದ ನೆಲದ ಮೇಲೆ: 1240 ಕೆಜಿ. ಹಾಗಾದರೆ ಮುಂದಿನ ಭಾರ 760. ಒಟ್ಟು ತೂಕದಲ್ಲಿ ಮುಂದಿನ ಪಾಲು 760 ÷ 2000 = 0.38. ಇದಕ್ಕೆ "ಮುಂಪಾಲು" ಅಂತ ಹೆಸರಿಡೋಣ. ಮುಂಪಾಲನ್ನು ವೀಲ್‌ಬೇಸ್‌ನಿಂದ ಗುಣಿಸಿದರೆ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ನಿಂದ ಎಷ್ಟು ಮುಂದಿದೆ ಅಂತ ಸಿಗುತ್ತದೆ: 0.38 × 1.95 = 0.741 ಮೀಟರ್.

ಇಷ್ಟು ಸುಲಭ. ಎತ್ತರ ಮಾತ್ರ ಇಷ್ಟು ಸುಲಭವಾಗಿ ಕೈಗೆ ಬರುವುದಿಲ್ಲ.

ಹೆಜ್ಜೆ 3: ಮೂತಿ ಎತ್ತಿ ಇನ್ನೊಂದು ತೂಕ

ನೀರು ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವರು ಸ್ವಲ್ಪ ಹಿಂದಕ್ಕೆ ಬಾಗಿದರೂ ಭಾರ ಹಿಂದಕ್ಕೆ ಎಳೆಯುತ್ತದೆ. ಅದೇ ಕೊಡ ಸೊಂಟದಲ್ಲಿದ್ದರೆ ಅಷ್ಟು ಎಳೆಯುವುದಿಲ್ಲ. ನಾವೂ ಅದನ್ನೇ ಮಾಡುತ್ತೇವೆ. ಟ್ರ್ಯಾಕ್ಟರಿನ ಮೂತಿ ಎತ್ತಿ, ಹಿಂದಕ್ಕೆ ಎಷ್ಟು ಭಾರ ಸರಿಯಿತು ಅಂತ ನೋಡಿ, ಅದರಿಂದ ಕೇಂದ್ರದ ಎತ್ತರ ಕಂಡುಹಿಡಿಯುತ್ತೇವೆ.

ಹಿಂದಿನ ಚಕ್ರ ಕಾಟಾ ಮೇಲೇ ಇರಲಿ. ಮುಂದಿನ ಎರಡೂ ಚಕ್ರಗಳ ಕೆಳಗೆ ಅಗಲವಾದ ಮರದ ದಿಮ್ಮಿ ಜೋಡಿಸಿ, ಸುಮಾರು 40 ಸೆಂಟಿಮೀಟರ್ ಎತ್ತರಕ್ಕೆ. ಎತ್ತಲು ಜಾಕ್ ಬಳಸಿ, ಆದರೆ ತೂಕ ಓದುವಾಗ ಜಾಕ್ ಮೇಲೆ ನಿಲ್ಲಿಸಬೇಡಿ. ಕೆಳಗೆ ಯಾರೂ ತಲೆ ಹಾಕಬಾರದು. ಹಿಂದಿನ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಮುಂದಿನ ಚಕ್ರ ಮಾತ್ರ ಉರುಳುವಂತೆ ಸಡಿಲ ಇರಲಿ. ಎರಡೂ ಕಡೆ ಬಿಗಿಯಾದರೆ ಮುಂದಿನ ಮತ್ತು ಹಿಂದಿನ ಚಕ್ರ ಒಂದನ್ನೊಂದು ತಳ್ಳಿ ಕಾಟಾ ತಪ್ಪು ಓದುತ್ತದೆ.

ಕೋನ ಅಳೆಯಲು ಮೊಬೈಲಿನ ಲೆವೆಲ್ ಆ್ಯಪ್ ಸಾಕು. ಬಾನೆಟ್ ಮೇಲೆ ಇಡಬೇಡಿ, ತಗಡು ಬಾಗಿರುತ್ತದೆ. ಚಾಸಿಸ್‌ನ ಎರಕದ ಭಾಗದಲ್ಲಿ ಸಮತಟ್ಟಾದ ಜಾಗ ಹುಡುಕಿ ಒರೆಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎತ್ತುವ ಮೊದಲೂ ಆಮೇಲೂ ಅಲ್ಲೇ ಇಟ್ಟು ಓದಿ.

ನಮ್ಮ ಮಾದರಿಯಲ್ಲಿ ಕೋನ 12 ಡಿಗ್ರಿ, ಹಿಂದಿನ ತೂಕ 1285 ಕೆಜಿ. ಅಂದರೆ 45 ಕೆಜಿ ಹಿಂದಕ್ಕೆ ಸರಿಯಿತು. ಮುಂದೆ ಉಳಿದದ್ದು 715. ಈಗ ಲೆಕ್ಕ ಹೀಗೆ:

ಹೊಸ ಮುಂಪಾಲು: 715 ÷ 2000 = 0.3575
ಟ್ಯಾನ್ 12 ಡಿಗ್ರಿ (ಕ್ಯಾಲ್ಕುಲೇಟರ್‌ನ tan ಗುಂಡಿ ಒತ್ತಿದರೆ ಬರುತ್ತದೆ): 0.2126
ವೀಲ್‌ಬೇಸ್‌ಗೆ ತಿದ್ದುಪಡಿ (ಮುಂದಿನ ಚಕ್ರ ಚಿಕ್ಕದಾದ್ದರಿಂದ): 1.95 + 0.26 × 0.2126 = 2.005
ಎರಡನ್ನೂ ಗುಣಿಸಿ: 0.3575 × 2.005 = 0.717
ಹಳೆಯ 0.741ರಿಂದ ಕಳೆಯಿರಿ: 0.024
ಟ್ಯಾನ್‌ನಿಂದ ಭಾಗಿಸಿ: 0.024 ÷ 0.2126 = ಸುಮಾರು 0.11

ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ಗಿಂತ 11 ಸೆಂಟಿಮೀಟರ್ ಮೇಲಿದೆ. ನೆಲದಿಂದ 0.63 + 0.11 = 0.74 ಮೀಟರ್.

ಈಗ ಕಾಟಾದ ವಿಷಯ. ಈ ಲೆಕ್ಕದಲ್ಲಿ 5 ಕೆಜಿ ಆಚೀಚೆ ಆದರೆ ಎತ್ತರ ಸುಮಾರು ಎರಡೂವರೆ ಸೆಂಟಿಮೀಟರ್ ಆಚೀಚೆ ಆಗುತ್ತದೆ. 20 ಕೆಜಿ ಆದರೆ ಹತ್ತಿರ ಹತ್ತಿರ 10 ಸೆಂಟಿಮೀಟರ್. ನಾವು ಹುಡುಕುತ್ತಿರುವುದೇ 11! ಹಾಗಾಗಿ ಒಂದೇ ಸಲ ತೂಗಿ ಚೀಟಿ ಜೇಬಿಗೆ ಹಾಕಬೇಡಿ. ಮೂರು ಸಲ ಇಳಿಸಿ ಏರಿಸಿ ತೂಗಿ. ದಿಮ್ಮಿ ಭದ್ರವಾಗಿ ಕೂರುವುದಾದರೆ ಇನ್ನೂ ಸ್ವಲ್ಪ ಎತ್ತಿ. ಕೋನ ಜಾಸ್ತಿ ಆದಷ್ಟೂ ತಪ್ಪಿನ ಪಾಲು ಕಡಿಮೆ.

ಹೆಜ್ಜೆ 4: ನಾಲ್ಕು ಚಕ್ರದ ಮುಕ್ಕಾಲು ಪೀಠ

ಟ್ರ್ಯಾಕ್ಟರಿಗೆ ನಾಲ್ಕು ಚಕ್ರ ನಿಜ. ಆದರೆ ಪಲ್ಟಿ ವಿಷಯದಲ್ಲಿ ಅದು ಮುಕ್ಕಾಲು ಪೀಠ, ಅಂದರೆ ಮೂರೇ ಕಾಲಿನ ಸ್ಟೂಲು. ಮುಂದಿನ ಆಕ್ಸಲ್ ಪಿನ್ ಮೇಲೆ ತೂಗುವುದರಿಂದ ಬಾಡಿ ಬಲಕ್ಕೆ ವಾಲಿದಾಗ ಮುಂದಿನ ಬಲ ಚಕ್ರ ಅದನ್ನು ತಡೆಯುವುದೇ ಇಲ್ಲ. ತಡೆಯುವುದು ಹಿಂದಿನ ಬಲ ಟಯರ್ ಮತ್ತು ಮುಂದಿನ ಪಿನ್. ಆಕ್ಸಲ್ ತನ್ನ ಸ್ಟಾಪರ್‌ಗೆ ಬಡಿದ ಮೇಲೆ ನಾಲ್ಕನೇ ಕಾಲು ಲೆಕ್ಕಕ್ಕೆ ಬರುತ್ತದೆ, ನಿಜ. ಅಷ್ಟರಲ್ಲಿ ಎರಡು ಟನ್ ಕಬ್ಬಿಣ ತಿರುಗಲು ಶುರುಮಾಡಿ ಆಗಿರುತ್ತದೆ. ಅದನ್ನು ನಂಬಬೇಡಿ.

ಒಂದು ಹಾಳೆಯ ಮೇಲೆ ತ್ರಿಕೋನ ಬರೆಯಿರಿ. ತಳ ಹಿಂದಿನ ಟಯರುಗಳು, ತುದಿ ಮುಂದಿನ ಪಿನ್. ಗುರುತ್ವ ಕೇಂದ್ರ ಮುಂದಕ್ಕೆ ಹೋದಷ್ಟೂ ತ್ರಿಕೋನ ಕಿರಿದಾಗುತ್ತದೆ ಅಲ್ವಾ? ನಮ್ಮ ಟ್ರ್ಯಾಕ್ಟರಿನಲ್ಲಿ ಕೇಂದ್ರ 38 ಶೇಕಡಾ ಮುಂದೆ ಇದೆ. ಅಲ್ಲಿ ಉಳಿದ ಅರ್ಧ ಅಗಲ: 0.70 × (1 − 0.38) = 0.434 ಮೀಟರ್. ಹತ್ತಿರ ಹತ್ತಿರ ನಲವತ್ತು ಶೇಕಡಾ ಅಗಲ ಮಾಯ.

ಒಂದು ಸಮಾಧಾನವೂ ಇದೆ. ತುದಿಯಲ್ಲಿರುವ ಪಿನ್ ನೆಲದ ಮೇಲಿಲ್ಲ, 0.50 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಮಗುಚುವ ಗೆರೆ ಮುಂದಕ್ಕೆ ಹೋಗುತ್ತಾ ಮೇಲಕ್ಕೇರುತ್ತದೆ. ಕೇಂದ್ರದ ಜಾಗದಲ್ಲಿ ಅದರ ಎತ್ತರ 0.50 × 0.38 = 0.19. ಕೇಂದ್ರ ಆ ಗೆರೆಗಿಂತ ಮೇಲಿರುವುದು 0.74 − 0.19 = 0.55 ಮೀಟರ್.

0.434 ÷ 0.55 = 0.789. ಇದು ಎಷ್ಟು ಡಿಗ್ರಿಯ ಟ್ಯಾನ್ ಅಂತ ಕ್ಯಾಲ್ಕುಲೇಟರ್‌ನಲ್ಲಿ ನೋಡಿದರೆ 38 ಡಿಗ್ರಿ. ಕಾರಿನ ಲೆಕ್ಕ ಹಾಕಿದ್ದರೆ 43 ಬರುತ್ತಿತ್ತು. ಆ ಐದು ಡಿಗ್ರಿಯೇ ಮೊದಲು ಹೇಳಿದ ಸುಳ್ಳು ನೆಮ್ಮದಿ.

ಹಿಂದಕ್ಕೆ ಮಗುಚುವ ಕೋನ ಸುಲಭ: 0.741 ÷ 0.74, ಅಂದರೆ 45 ಡಿಗ್ರಿ. ಇದು ಸುಮ್ಮನೆ ನಿಂತ ಟ್ರ್ಯಾಕ್ಟರಿನದ್ದು. ಎಳೆಯುವ ಟ್ರ್ಯಾಕ್ಟರಿನ ಕಥೆ ಬೇರೆ.

ಹೆಜ್ಜೆ 5: ಬದಲಾಯಿಸಿದರೆ ಏನಾಗುತ್ತದೆ, ಕಾಗದದ ಮೇಲೇ ನೋಡಿ

ಎತ್ತರ ಒಂದು ಸಲ ಸಿಕ್ಕರೆ ಉಳಿದದ್ದೆಲ್ಲ ಕೂಡು, ಕಳೆ.

ಹಿಂದಿನ ಚಕ್ರದ ಅಗಲ 1.40ರಿಂದ 1.70ಕ್ಕೆ ಹೆಚ್ಚಿಸಿದರೆ ಪಕ್ಕದ ಕೋನ 38ರಿಂದ ಸುಮಾರು 44ಕ್ಕೆ ಏರುತ್ತದೆ. ಇಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ, ಖರ್ಚೂ ಇಲ್ಲ. ಬಹಳ ಟ್ರ್ಯಾಕ್ಟರುಗಳಲ್ಲಿ ಎಡ ಚಕ್ರ ಬಲಕ್ಕೆ, ಬಲ ಚಕ್ರ ಎಡಕ್ಕೆ ಹಾಕಿ ರಿಮ್ಮಿನ ಗುಳಿ ಹೊರಗಡೆಗೆ ಕಾಣುವಂತೆ ಮಾಡಿದರೆ ಅಗಲ ಸಿಗುತ್ತದೆ. ಟಯರಿನ ಹಲ್ಲಿನ ಬಾಣ ಮುಂದಕ್ಕೇ ಇರಬೇಕು, ಅಷ್ಟೇ. ಅಡಿಕೆ ಸಾಲಿನ ನಡುವೆ ಅಷ್ಟು ಅಗಲ ನುಗ್ಗುವುದಿಲ್ಲ ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅವರು ಕೋನ ಕಡಿಮೆ ಅಂತ ತಿಳಿದುಕೊಂಡೇ ಓಡಿಸಬೇಕು.

ಎರಡೂ ಹಿಂದಿನ ಟಯರಿಗೆ ಸೇರಿ 300 ಕೆಜಿ ನೀರು ತುಂಬಿಸಿದರೆ? ಭಾರ ಕೆಳಗೂ ಹೌದು, ಹಿಂದೆಯೂ ಹೌದು. ಕೋನ ಸುಮಾರು 40. ಲಾಭ ಎರಡೇ ಡಿಗ್ರಿ, ಆದರೆ ಹಿಡಿತವೂ ಸಿಗುತ್ತದೆ. ವಾಲ್ವ್ ಮೇಲ್ಗಡೆ ಬರುವಂತೆ ಚಕ್ರ ನಿಲ್ಲಿಸಿ, ವಾಲ್ವ್ ಮಟ್ಟದವರೆಗೆ ಮಾತ್ರ ತುಂಬಿಸಿ. ಮೇಲೆ ಗಾಳಿಗೆ ಜಾಗ ಬೇಕು.

ನನಗೆ ನಿಜವಾಗಿ ಆಶ್ಚರ್ಯ ಆದದ್ದು ಔಷಧಿ ಡ್ರಮ್ಮಿನ ಲೆಕ್ಕ. 200 ಲೀಟರ್ ಡ್ರಮ್, ಸ್ಟ್ಯಾಂಡು, ಪಂಪು ಸೇರಿ 250 ಕೆಜಿ. ಹಿಂದಿನ ಆಕ್ಸಲ್‌ನಿಂದ 0.8 ಮೀಟರ್ ಹಿಂದೆ, ನೆಲದಿಂದ 1.3 ಮೀಟರ್ ಮೇಲೆ. ಅಷ್ಟು ಎತ್ತರದಲ್ಲಿ ಭಾರ ಇಟ್ಟರೆ ಪಕ್ಕಕ್ಕೆ ಬೇಗ ಮಗುಚಬೇಕು ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಪಕ್ಕದ ಕೋನ 38ರಿಂದ 37 ಅಷ್ಟೇ! ಕೇಂದ್ರ ಮೇಲೇರಿತು, ಆದರೆ ಜತೆಗೇ ಹಿಂದಕ್ಕೆ, ತ್ರಿಕೋನದ ಅಗಲವಾದ ಕಡೆಗೆ ಸರಿಯಿತು. ಒಂದು ಇನ್ನೊಂದನ್ನು ಮುಚ್ಚಿಹಾಕಿತು. ಪೆಟ್ಟು ಬಿದ್ದದ್ದು ಬೇರೆ ಕಡೆ. ಹಿಂದಕ್ಕೆ ಮಗುಚುವ ಕೋನ 45ರಿಂದ 35ಕ್ಕೆ ಇಳಿಯಿತು. ಮುಂದಿನ ಚಕ್ರದ ಭಾರ 760ರಿಂದ 660ರ ಹತ್ತಿರಕ್ಕೆ ಬಂತು. ಏರಿನಲ್ಲಿ ಸ್ಟೇರಿಂಗ್ ಹಗುರಾಗಿದೆ ಅಂತ ಡ್ರೈವರ್ ಹೇಳಿದರೆ ಇದೇ ಕಾರಣ. ಡ್ರಮ್ ಅರ್ಧ ಖಾಲಿಯಾದಾಗ ಒಳಗೆ ದ್ರವ ಕುಲುಕುವುದು ಬೇರೆ. ಅದು ಈ ಲೆಕ್ಕದಲ್ಲಿ ಇಲ್ಲ.

ಹಿಂದಕ್ಕೆ ಮಗುಚುವುದು: ಇಲ್ಲಿ ಸ್ವಲ್ಪ ನಿಲ್ಲಿ

ಹಿಂದಿನ ಚಕ್ರ ತಿರುಗಲು ಆಗದಿದ್ದರೆ ಎಂಜಿನ್ನಿನ ಶಕ್ತಿ ಎಲ್ಲಿ ಹೋಗಬೇಕು? ಅದು ಟ್ರ್ಯಾಕ್ಟರನ್ನೇ ಆಕ್ಸಲ್ ಸುತ್ತ ತಿರುಗಿಸುತ್ತದೆ. ಕೆಸರಿನಲ್ಲಿ ಹೂತ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಕ್ಲಚ್ ಬಿಡುತ್ತಾರಲ್ಲ, ಅದು ಕೈಯಾರೆ ಮಾಡಿಕೊಳ್ಳುವ ಪಲ್ಟಿ. ಚೈನನ್ನು ಆಕ್ಸಲ್ ಮೇಲೆ ಅಥವಾ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಮರ ಎಳೆಯುವುದೂ ಅಷ್ಟೇ. ಎಳೆತ ಆಕ್ಸಲ್‌ಗಿಂತ ಕೆಳಗಿನ ಡ್ರಾಬಾರ್‌ನಿಂದಲೇ ಆಗಬೇಕು.

ಮುಂದಿನ ಚಕ್ರ ನೆಲ ಬಿಟ್ಟ ಮೇಲೆ ಹಿಂತಿರುಗಲಾಗದ ಹಂತಕ್ಕೆ ಹೋಗಲು ಮುಕ್ಕಾಲು ಸೆಕೆಂಡ್ ಸಾಕು ಅನ್ನುತ್ತಾರೆ ಈ ವಿಷಯದಲ್ಲಿ ತರಬೇತಿ ಕೊಡುವವರು. ಕ್ಲಚ್ ಒತ್ತಬೇಕು ಅಂತ ತಲೆಗೆ ಹೊಳೆದು ಕಾಲು ಹೋಗುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ. ಹೂತಿದ್ದರೆ ರಿವರ್ಸ್ ಹಾಕಿ ಬಂದ ದಾರಿಯಲ್ಲೇ ಹೊರಬನ್ನಿ. ಕಡಿದಾದ ಏರನ್ನು ಹತ್ತಲೇಬೇಕಾದರೆ ಹಿಮ್ಮುಖವಾಗಿ ಹತ್ತಿ.

ರೋಲ್ ಬಾರ್, ಅಂದರೆ ಪಲ್ಟಿಯಾದಾಗ ಡ್ರೈವರನ್ನು ಕಾಯುವ ಗಟ್ಟಿ ಕಮಾನು, ಅದರ ಬಗ್ಗೆ ಎರಡೇ ಮಾತು. ಹೊಸ ಟ್ರ್ಯಾಕ್ಟರುಗಳಿಗೆ ಅದು ಕಡ್ಡಾಯ ಅಂತ ಸ್ವೀಡನ್ 1959ರಲ್ಲೇ ಕಾನೂನು ಮಾಡಿತು. ಆಮೇಲೆ ಅಲ್ಲಿ ಪಲ್ಟಿಯಿಂದ ಆಗುವ ಸಾವು ತೀರಾ ಇಳಿದುಹೋಯಿತು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ನೀರಿನ ಪೈಪಿನಿಂದ ಮಾಡಿಸಿದ್ದು ರೋಲ್ ಬಾರ್ ಅಲ್ಲ, ಟಾರ್ಪಾಲ್ ಕಟ್ಟುವ ಸ್ಟ್ಯಾಂಡ್. ನಿಮ್ಮ ಮಾಡೆಲ್‌ಗೆ ಪರೀಕ್ಷೆಯಾಗಿ ಬಂದದ್ದನ್ನೇ ಹಾಕಿಸಿ. ಬಾರ್ ಇದ್ದರೆ ಸೀಟ್ ಬೆಲ್ಟ್ ಹಾಕಿ. ಬಾರ್ ಇಲ್ಲದ ಗಾಡಿಯಲ್ಲಿ ಬೆಲ್ಟ್ ಹಾಕಬೇಡಿ.

ಹೆಜ್ಜೆ 6: ನೆಲ ಮತ್ತು ತಿರುವು ಎಷ್ಟು ತಿನ್ನುತ್ತವೆ

38 ಡಿಗ್ರಿ ಸಿಕ್ಕಿತು ಅಂತ 30 ಡಿಗ್ರಿಯ ಬದುವಿನ ಮೇಲೆ ಹೋಗಬೇಡಿ. ಕೆಳಗಿನ ಚಕ್ರ 15 ಸೆಂಟಿಮೀಟರ್ ಗುಂಡಿಗೆ ಇಳಿದು, ಅದೇ ಕ್ಷಣಕ್ಕೆ ಮೇಲಿನ ಚಕ್ರ 10 ಸೆಂಟಿಮೀಟರ್ ಕಲ್ಲು ಹತ್ತಿತು ಅನ್ನಿ. 1.40 ಮೀಟರ್ ಅಗಲದಲ್ಲಿ 25 ಸೆಂಟಿಮೀಟರ್ ಏರುಪೇರು ಅಂದರೆ 10 ಡಿಗ್ರಿ ಹೋಯಿತು. ಕೆಳಗಿನ ಟಯರ್ ಅಮುಕಿ, ಹಸಿ ಮಣ್ಣು ಕುಸಿದು ಇನ್ನೊಂದು ನಾಲ್ಕೈದು. ಗಾಡಿ ಆ ಗುಂಡಿಗೆ ನಿಧಾನವಾಗಿ ಇಳಿಯುವುದಿಲ್ಲ, ಧಡಕ್ ಅಂತ ಬೀಳುತ್ತದೆ. ಆ ಎಳೆತಕ್ಕೆ ಮತ್ತೆ ಒಂದಿಷ್ಟು. ನಾನು ಯಾವಾಗಲೂ ಲೆಕ್ಕದ ಅರ್ಧ ಮಾತ್ರ ಬಳಸುತ್ತೇನೆ. ಇಲ್ಲಿ 19.

ತಿರುವು ಇದಕ್ಕಿಂತ ಮೋಸಗಾರ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತಿರುಗಿದರೆ, ಸಮತಟ್ಟು ನೆಲದಲ್ಲೂ ಟ್ರ್ಯಾಕ್ಟರಿಗೆ ಅದು 19 ಡಿಗ್ರಿ ಇಳಿಜಾರಿನಂತೆಯೇ ಅನಿಸುತ್ತದೆ. 20 ಕಿಲೋಮೀಟರ್‌ಗೆ ಏರಿಸಿದರೆ 32 ಡಿಗ್ರಿ! ಸ್ಪೀಡ್ ಐದೇ ಕಿಲೋಮೀಟರ್ ಜಾಸ್ತಿ, ಕೋನ ಹದಿಮೂರು ಡಿಗ್ರಿ ಜಾಸ್ತಿ. ನೆಲ ಹೊರಕ್ಕೆ 10 ಡಿಗ್ರಿ ವಾಲಿದ್ದರೆ 42. ನಮ್ಮ ಗಾಡಿ 38ಕ್ಕೇ ಮಗುಚಿತು.

ಲೆಕ್ಕ ಮಾಡುವ ಬಗೆ ಹೀಗೆ. ವೇಗವನ್ನು ಸೆಕೆಂಡಿಗೆ ಮೀಟರ್ ಮಾಡಿಕೊಳ್ಳಿ (3.6ರಿಂದ ಭಾಗಿಸಿ). ಅದರ ವರ್ಗವನ್ನು 9.81 × ತ್ರಿಜ್ಯದಿಂದ ಭಾಗಿಸಿ. ಬಂದದ್ದು ಎಷ್ಟು ಡಿಗ್ರಿಯ ಟ್ಯಾನ್ ಅಂತ ನೋಡಿ.

ಹೆಜ್ಜೆ 7: ಚಿಲಿಪಿಲಿ ಪೆಟ್ಟಿಗೆ

ಡ್ರೈವರ್ ಹೊಲದಲ್ಲಿ ಟ್ಯಾನ್ ನೋಡುತ್ತಾ ಕೂರುವುದಿಲ್ಲ. ಅದಕ್ಕೊಂದು ಅಲಾರಂ ಮಾಡೋಣ. ಬೇಕಾದದ್ದು ಒಂದು ಆರ್ಡುಯಿನೊ (ಕೋಡ್ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್), ಎಂಪಿಯು-6050 ಎಂಬ ಸೆನ್ಸರ್ ಚಿಪ್, ಬಝರ್, ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸುವ ಕನ್ವರ್ಟರ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತವೆ.

ಸೆನ್ಸರನ್ನು ಮಡ್‌ಗಾರ್ಡ್ ಮೇಲೆ ಕೂರಿಸಬೇಡಿ, ಅದು ತಾನೇ ಕುಣಿಯುತ್ತದೆ. ಗೇರ್‌ಬಾಕ್ಸ್ ಮೇಲಿನ ಎರಕಕ್ಕೆ ಬೋಲ್ಟ್ ಮಾಡಿದ ಗಟ್ಟಿ ತಟ್ಟೆಯ ಮೇಲೆ, ಗುರುತ್ವ ಕೇಂದ್ರಕ್ಕೆ ಆದಷ್ಟು ಹತ್ತಿರ ಇರಲಿ. ಮೂರು ಸಿಲಿಂಡರ್ ಎಂಜಿನ್ 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಮೂವತ್ತೇಳೂವರೆ ಸಲ ಬಡಿಯುತ್ತದೆ. ಆ ನಡುಕ ಸೆನ್ಸರಿಗೆ ಪೂರ್ತಿ ಗೊತ್ತಾಗುತ್ತದೆ. ಚಿಪ್ಪಿನೊಳಗೇ ಇರುವ ಫಿಲ್ಟರನ್ನು 10 ಹರ್ಟ್ಸ್‌ಗೆ ಇಡಿ.

ಸೊನ್ನೆ ಹಾಕುವುದಕ್ಕೆ ಒಂದು ಉಪಾಯ. ಯಾವ ಅಂಗಳವೂ ಪೂರ್ತಿ ಸಮತಟ್ಟಲ್ಲ. ಒಮ್ಮೆ ಓದಿ, ಟ್ರ್ಯಾಕ್ಟರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೆ ಓದಿ, ಎರಡರ ಸರಾಸರಿ ತೆಗೆಯಿರಿ. ಅಂಗಳದ ಓರೆ ತಾನಾಗಿ ಕಳೆದುಹೋಗುತ್ತದೆ.

ಇಲ್ಲಿ ನಾನು ಅಂತರ್ಜಾಲದ ಪಾಠಗಳಿಗಿಂತ ಬೇರೆ ದಾರಿ ಹಿಡಿಯುತ್ತೇನೆ. ಈ ಚಿಪ್ಪಿನಲ್ಲಿ ವೇಗವರ್ಧನೆ ಅಳೆಯುವ ಭಾಗ ಒಂದು, ತಿರುಗುವ ವೇಗ ಅಳೆಯುವ ಗೈರೊ ಒಂದು. ಎರಡನ್ನೂ ಬೆರೆಸಿ "ಸರಿಯಾದ" ಓರೆ ಕಂಡುಹಿಡಿಯಿರಿ, ತಿರುವಿನಲ್ಲಿ ಬರುವ ಹೊರದೂಡುವಿಕೆಯನ್ನು ತೆಗೆದುಹಾಕಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಡ್ರೋನ್‌ಗೆ ಅದು ಸರಿ. ಪಲ್ಟಿಗೆ ಆ ಹೊರದೂಡುವಿಕೆಯೇ ತಾನೇ ಬೇಕಿರುವುದು! ಹಾಗಾಗಿ ಸುಮ್ಮನೆ ಪಕ್ಕದ ಓದನ್ನು ಲಂಬದ ಓದಿನಿಂದ ಭಾಗಿಸಿ, ಅರ್ಧ ಸೆಕೆಂಡಿನ ಸರಾಸರಿ ತೆಗೆದುಕೊಳ್ಳಿ. ಇಳಿಜಾರು ಮತ್ತು ತಿರುವು ಎರಡೂ ಒಂದೇ ಸಂಖ್ಯೆಯಲ್ಲಿ ಸೇರಿ ಬರುತ್ತವೆ. ಅದು 0.25 ದಾಟಿದರೆ (14 ಡಿಗ್ರಿ) ಬಿಟ್ಟುಬಿಟ್ಟು ಕೂಗಲಿ. 0.34 ದಾಟಿದರೆ (19 ಡಿಗ್ರಿ) ಎಡೆಬಿಡದೆ ಕೂಗಲಿ. ಗೈರೊವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ: ಗಾಡಿ ಒಂದೇ ಕಡೆಗೆ ವೇಗವಾಗಿ ವಾಲುತ್ತಿದ್ದರೆ ಅಲಾರಂ ಮುಂಚೆಯೇ ಶುರುವಾಗಲಿ.

ಬಝರ್ ಜೋರಾಗಿರಲಿ. ರೋಟವೇಟರ್ ಓಡುವಾಗ ಮೊಬೈಲ್ ರಿಂಗೇ ಕೇಳಿಸುವುದಿಲ್ಲ.

ಹೆಜ್ಜೆ 8: ಸ್ಟೇರಿಂಗ್ ಯಂತ್ರದ ಕೈಗೆ ಕೊಡುವ ಮೊದಲು

ತಾನೇ ಓಡುವ ಟ್ರ್ಯಾಕ್ಟರ್ ಮಾಡುತ್ತೇವೆ ಅಂತ ಬರುವ ವಿದ್ಯಾರ್ಥಿಗಳು ಮೊದಲು ಕ್ಯಾಮೆರಾ ಕೊಳ್ಳುತ್ತಾರೆ. ನಾನು ಕೇಳುವುದು ವೇಬ್ರಿಡ್ಜ್ ಚೀಟಿ.

2004ರ ಮಾರ್ಚ್‌ನಲ್ಲಿ ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಚಾಲಕರಿಲ್ಲದ ಗಾಡಿಗಳ ಓಟ ನಡೆಸಿತು. ದಾರಿ ಸುಮಾರು 230 ಕಿಲೋಮೀಟರ್. ಎಲ್ಲರಿಗಿಂತ ದೂರ ಹೋದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಯಾಂಡ್‌ಸ್ಟಾರ್ಮ್, ಅದೂ 12 ಕಿಲೋಮೀಟರ್ ಮುಟ್ಟದೆ ಒಂದು ತಿರುವಿನಲ್ಲಿ ಸಿಕ್ಕಿಬಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ 212 ಕಿಲೋಮೀಟರನ್ನು 6 ಗಂಟೆ 54 ನಿಮಿಷದೊಳಗೆ ಮುಗಿಸಿ ಗೆದ್ದಿತು. ಅದರ ಲೇಸರ್, ಕ್ಯಾಮೆರಾಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಇಷ್ಟವಾದದ್ದು ಅದರ ಒಂದು ಸಣ್ಣ ಬುದ್ಧಿ. ಚಕ್ರ ಧಡಕ್ ಅಂದರೆ ತಕ್ಷಣ ವೇಗ ಇಳಿಸು, ಆಮೇಲೆ ನಿಧಾನವಾಗಿ ಏರಿಸು. ನಮ್ಮೂರಿನ ಅನುಭವಿ ಜೀಪ್ ಡ್ರೈವರ್ ಮಾಡುವುದೂ ಅದನ್ನೇ.

ಬೆಂಗಳೂರಿನಿಂದ ನಡೆಸಿದ ಓಟ ಇನ್ನೂ ಹತ್ತಿರದ್ದು. 2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರ್‌ಗೆ 3 ಮೀಟರ್ ಮುಂದೆ 4 ಮೀಟರ್ ವ್ಯಾಸದ ಕುಳಿ ಎದುರಾಯಿತು. ಇಸ್ರೋದವರು ಬಂದ ದಾರಿಗೆ ಹಿಂತಿರುಗಲು ಹೇಳಿದರು. 26 ಕೆಜಿಯ, ಆರು ಚಕ್ರದ ಗಾಡಿ. ಕುಳಿಗೆ ಇಳಿದು ನೋಡೋಣ ಅಂತ ಯಾರೂ ಹಟ ಮಾಡಲಿಲ್ಲ.

ನಿಮ್ಮ ಪ್ರಾಜೆಕ್ಟ್‌ಗೆ ಮೊದಲ ನಿಯಮ ಹೀಗಿರಲಿ: 19ರಿಂದ ಈಗಿನ ಪಕ್ಕದ ಓರೆ ಕಳೆಯಿರಿ. ಉಳಿದ ಕೋನದ ಟ್ಯಾನ್ × 9.81 × ತಿರುವಿನ ತ್ರಿಜ್ಯ, ಇದರ ವರ್ಗಮೂಲವೇ ಗರಿಷ್ಠ ವೇಗ, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ (ಗಂಟೆಗೆ ಕಿಲೋಮೀಟರ್ ಬೇಕಾದರೆ 3.6ರಿಂದ ಗುಣಿಸಿ). 5 ಮೀಟರ್ ತಿರುವಿಗೆ ಸಮತಟ್ಟು ನೆಲದಲ್ಲಿ ಗಂಟೆಗೆ ಸುಮಾರು 15 ಕಿಲೋಮೀಟರ್. ಹೊರಕ್ಕೆ 10 ಡಿಗ್ರಿ ವಾಲಿದ ನೆಲದಲ್ಲಿ 10. ಓರೆ 19 ಮುಟ್ಟಿದರೆ ಉತ್ತರ ಸೊನ್ನೆ, ಗಾಡಿ ನಿಲ್ಲಬೇಕು. ಈ ನಿಯಮ ಕ್ಯಾಮೆರಾ ಹೇಳಿದ್ದನ್ನು ಕೇಳಬಾರದು, ಜಿಪಿಎಸ್ ಹೇಳಿದ್ದನ್ನೂ ಕೇಳಬಾರದು. ಅದಕ್ಕೆ ಬೇರೆಯೇ ಚಿಕ್ಕ ಬೋರ್ಡ್, ಬೇರೆ ವೈರು ಇರಲಿ. ದೊಡ್ಡ ಕಂಪ್ಯೂಟರ್ ಹ್ಯಾಂಗ್ ಆದರೂ ಎಂಜಿನ್ ನಿಲ್ಲಿಸುವ ಅಧಿಕಾರ ಅದಕ್ಕೇ ಇರಬೇಕು.

ಕೊನೆಗೊಂದು ಸ್ವಿಚ್. ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಕಡೆಗೆ ಒತ್ತುವಂಥದ್ದು, ಒಂದು ಕಡೆ "ಡ್ರಮ್ ಇದೆ", ಇನ್ನೊಂದು ಕಡೆ "ಡ್ರಮ್ ಇಲ್ಲ" ಅಂತ ಪೇಂಟಿನಲ್ಲಿ ಬರೆಯಿರಿ. ಡ್ರಮ್ ಇಲ್ಲದೆ ಹಿಂದಕ್ಕೆ ಮಗುಚುವ ಕೋನ 45 ಇರುವಾಗ ಹಿಂದಕ್ಕೆ ವಾಲುವುದರ ಅಲಾರಂ 22ಕ್ಕೆ, ಡ್ರಮ್ ಇದ್ದು 35 ಇರುವಾಗ 17ಕ್ಕೆ. ನಾನು ಮೊದಲು ಇದನ್ನು ಕೋಡಿನೊಳಗೆ ಬರೆದಿದ್ದೆ. ಔಷಧಿ ಹೊಡೆಯುವ ದಿನ ಲ್ಯಾಪ್‌ಟಾಪ್ ಹಿಡಿದು ಯಾರೂ ತೋಟಕ್ಕೆ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.